ಮ್ಯಾನ್ ಪೇಜ್‌ನಿಂದ ಏಜೆಂಟ್‌ವರೆಗೆ: ಕೈಪಿಡಿ ಓದೋರು ಯಾರು?

ಈ ಸಲದ ಮಾತು ಹುಟ್ಟಿದ್ದು ಗಚ್ಚಿಬೌಲಿಯಲ್ಲಿ, ಒಂದು ಶುಕ್ರವಾರ ಸಂಜೆ. ಯೂನಿಟಿಯಲ್ಲಿ ಮಾಡಿದ್ದ ಒಂದು ಗೇಮ್‌ನ ಫೋಲ್ಡರ್‌ಗಳನ್ನ ನೀಟಾಗಿ ಜೋಡಿಸು ಅಂತ ಎಐ ಏಜೆಂಟ್‌ಗೆ ಹೇಳಿದ್ವಿ. ಅದು ಎಲ್ಲವನ್ನೂ ಹೊಸ ಜಾಗಕ್ಕೆ ಸಾಗಿಸಿ, ಕೆಲಸ ಮುಗೀತು ಅಂತು. ಎಡಿಟರ್ ತೆರೆದು ನೋಡಿದ್ರೆ ಪಾತ್ರಗಳೆಲ್ಲ ಗುಲಾಬಿ ಬಣ್ಣ!

ಯೂನಿಟಿ ಬಳಸಿದೋರಿಗೆ ಕಾರಣ ಹೊಳೆದಿರುತ್ತೆ. ಅಲ್ಲಿ ಪ್ರತಿ ಫೈಲ್ ಪಕ್ಕ ಒಂದು ಮೆಟಾ ಫೈಲ್ ಇರುತ್ತೆ, ಅದರೊಳಗೆ ಆ ಫೈಲ್‌ನ ಗುರುತಿನ ಸಂಖ್ಯೆ. ಏಜೆಂಟ್ ಫೈಲ್‌ಗಳನ್ನ ಒಯ್ದಿತು, ಮೆಟಾ ಫೈಲ್‌ಗಳನ್ನ ಅಲ್ಲೇ ಬಿಟ್ಟಿತು. ಯೂನಿಟಿ ಹೊಸ ಸಂಖ್ಯೆ ಕೊಟ್ಟಿತು, ಹಳೇ ಕೊಂಡಿಗಳೆಲ್ಲ ಕಳಚಿದವು. ಗಿಟ್ ಇತ್ತು, ಬದುಕಿದ್ವಿ. ಆದರೆ ಆ ಆಟೊಮೇಷನ್ ಟೂಲ್‌ಗೆ ಡಾಕ್ಯುಮೆಂಟ್ ಬರೆದೋನು ನಾನೇ. ಎಡಿಟರ್ ಒಳಗೆ ಮೌಸ್‌ನಿಂದ ಎಳೆದು ಹಾಕಿದ್ರೆ ಮೆಟಾ ಫೈಲ್ ತಾನಾಗೇ ಜೊತೆಗೆ ಬರುತ್ತೆ. ವರ್ಷಗಟ್ಟಲೆ ಹಾಗೇ ಮಾಡಿದೋನಿಗೆ ಇದನ್ನೂ ಬರೀಬೇಕು ಅಂತ ಅನ್ನಿಸಿರಲೇ ಇಲ್ಲ.

ಈ ಮರೆವಿಗೂ ಒಂದು ಇತಿಹಾಸ ಇದೆ ನೋಡಿ. 1971ರ ನವೆಂಬರ್ 3ರಂದು ಯುನಿಕ್ಸ್‌ನ ಮೊದಲ ಕೈಪಿಡಿ ಬಂತು. ಬರೆದವರು ಕೆನ್ ಥಾಂಪ್ಸನ್, ಡೆನಿಸ್ ರಿಚಿ. ಕಮಾಂಡ್ ಹೆಸರು, ಬಳಸುವ ರೀತಿ, ವಿವರಣೆ, ಜೊತೆಗೆ 'ಬಗ್ಸ್' ಅನ್ನೋ ಭಾಗ. ನಾವು ಮಾಡಿದ್ದರಲ್ಲಿ ಇಂತಿಂಥ ಕೊರತೆ ಇದೆ ಅಂತ ಮಾಡಿದವರೇ ಒಪ್ಪಿಕೊಳ್ಳೋದು ಎಷ್ಟು ದೊಡ್ಡ ಗುಣ! ಇವತ್ತಿನ ಎಷ್ಟು ಪ್ರಾಡಕ್ಟ್ ಪೇಜ್‌ಗಳಲ್ಲಿ ಅದಿದೆ ಹೇಳಿ?

ಗೇಮ್ ಎಂಜಿನ್‌ಗಳು ಬೇರೆ ದಾರಿ ಹಿಡಿದವು. 1998ರ ಅನ್‌ರಿಯಲ್ ಜೊತೆ ಬಂದ ಎಡಿಟರ್, ಆಮೇಲೆ 2005ರ ಯೂನಿಟಿ, ಎಲ್ಲ ಮೌಸ್‌ನ ಲೋಕ. ಕೈಪಿಡಿ ಸ್ಕ್ರೀನ್‌ಶಾಟ್ ಆಯ್ತು, ಆಮೇಲೆ ವಿಡಿಯೋ ಆಯ್ತು: "ಇಲ್ಲಿ ಕ್ಲಿಕ್ ಮಾಡಿ, ಇದನ್ನ ಇಲ್ಲಿಗೆ ಎಳೀರಿ". ಉಳಿದದ್ದು ಪಕ್ಕದ ಡೆಸ್ಕಿನ ಸೀನಿಯರ್ ಬಾಯಲ್ಲಿ. ಪರದೆ ಇಲ್ಲದೆ ಎಂಜಿನ್ ಓಡಿಸೋ ಬ್ಯಾಚ್‌ಮೋಡ್ ಇತ್ತು, ನಿಜ. ಬಿಲ್ಡ್ ಸರ್ವರ್‌ಗೆ ಅಂತ ಒಬ್ಬ ಪುಣ್ಯಾತ್ಮ ಸ್ಕ್ರಿಪ್ಟ್ ಬರೆದಿಟ್ಟ ಮೇಲೆ ಅದನ್ನ ಯಾರೂ ಮುಟ್ಟುತ್ತಿರಲಿಲ್ಲ. ಟೆಸ್ಟ್ ಓಡಿಸುವಾಗ 'ಕ್ವಿಟ್' ಸೇರಿಸಿದ್ರೆ ಟೆಸ್ಟ್ ಮುಗಿಯೋ ಮೊದಲೇ ಯೂನಿಟಿ ಮುಚ್ಚಿಕೊಳ್ಳಬಹುದು ಅನ್ನೋದು ಆ ಒಬ್ಬನಿಗೆ ಮಾತ್ರ ಗೊತ್ತಿರ್ತಿತ್ತು.

2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಎಂಸಿಪಿ, ಅಂದ್ರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ ಬಿಡುಗಡೆ ಮಾಡಿತು. ಅದರಲ್ಲಿ ಪ್ರತಿ ಟೂಲ್ ತನ್ನ ಹೆಸರು, ವಿವರಣೆ, ಯಾವ ಇನ್‌ಪುಟ್ ಬೇಕು ಅನ್ನೋದನ್ನ ತಾನೇ ಹೇಳುತ್ತೆ. ಆ ವಿವರಣೆ ಓದಿಯೇ ಏಜೆಂಟ್ ಯಾವ ಟೂಲ್ ಬಳಸಬೇಕು ಅಂತ ತೀರ್ಮಾನಿಸುತ್ತೆ. ಮನುಷ್ಯ ಡಾಕ್ಯುಮೆಂಟ್ ಓದದಿದ್ರೂ ಪಕ್ಕದವರನ್ನ ಕೇಳ್ತಾನೆ. ಏಜೆಂಟ್‌ಗೆ ಪಕ್ಕದ ಡೆಸ್ಕ್ ಎಲ್ಲಿಂದ ಬರಬೇಕು? 2025ರ ಮಾರ್ಚ್ ಆವೃತ್ತಿಯಲ್ಲಿ, ಈ ಟೂಲ್ ಏನನ್ನಾದರೂ ಅಳಿಸಿಹಾಕಬಹುದು ಅಂತ ಸೂಚಿಸೋ ಗುರುತನ್ನೂ ಸೇರಿಸಿದರು.

ಇಲ್ಲಿ ನನಗೆ ನೆನಪಾಗೋದು ಮಳಖೇಡ. ನಾವು ಹೈದರಾಬಾದಿಗೆ ವಲಸೆ ಬಂದವರು ಅಂತೀವಿ, ಆದರೆ 1956ರವರೆಗೆ ಮಳಖೇಡವೂ ಕಲಬುರಗಿಯೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು! ಸುಮಾರು ಸಾವಿರದ ನೂರೈವತ್ತು ವರ್ಷದ ಹಿಂದೆ, ಅದೇ ಮಳಖೇಡದ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಮೊದಲ ಪರಿಚ್ಛೇದದಲ್ಲೇ ಕಾವ್ಯದ ದೋಷಗಳ ವಿಚಾರ ಎತ್ತುತ್ತೆ. ಹದಿಮೂರನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಸೂತ್ರ ಬರೆದು ಸುಮ್ಮನಾಗಲಿಲ್ಲ. ವೃತ್ತಿಯಲ್ಲಿ ಬಿಡಿಸಿ ಹೇಳಿದ, ಪ್ರಯೋಗ ಅಂತ ಉದಾಹರಣೆಗಳನ್ನೂ ಕೊಟ್ಟ. ಓದುಗ ಎದುರಿಗೆ ಬಂದು ಪ್ರಶ್ನೆ ಕೇಳೋಕಾಗಲ್ಲ ಅಂತ ಗೊತ್ತಿದ್ದವರ ಬರವಣಿಗೆ ಇದು ಅಂತ ನನ್ನ ಅನಿಸಿಕೆ.

ಸೋಮವಾರ ನಮ್ಮ ಡಾಕ್ಯುಮೆಂಟನ್ನ ಹಾಗೇ ತಿದ್ದಿದೆ. 'ಸಾಗಿಸು' ಕಮಾಂಡ್ ಕೆಳಗೆ ಮೆಟಾ ಫೈಲ್ ವಿಚಾರ, ಒಂದು ಸರಿ ಉದಾಹರಣೆ, ಒಂದು ತಪ್ಪು ಉದಾಹರಣೆ, ಕೊನೆಗೆ ಬಗ್ಸ್. ಏಜೆಂಟ್ ಈಗ ಮೆಟಾ ಫೈಲ್ ಬಿಟ್ಟುಬರಲ್ಲ. ರಾಯಚೂರಿಂದ ಹೊಸದಾಗಿ ಸೇರಿದ ಹುಡುಗ ಅದನ್ನ ಪೂರ್ತಿ ಓದಿ ಕೇಳಿದ: "ಸರ್, ಇಷ್ಟು ಚೆನ್ನಾಗಿ ನಮಗ್ಯಾಕ ಬರದು ಕೊಡಲಿಲ್ರಿ?"