ಹೆಗ್ಗೋಡಿನ ರಂಗಮಂದಿರ

ನಮ್ಮೂರಲ್ಲಿ ಸಮುದಾಯ ಭವನ ಕಟ್ಟೋ ಮಾತು ಬಂದಾಗ ಎಲ್ಲರೂ ಕೇಳಿದ್ದು ಒಂದೇ: "ಒಂದು ಪಂಕ್ತಿಗೆ ಎಷ್ಟು ಎಲೆ ಹಾಕ್ಬಹುದು?" ನಂಗೆ ಹೆಗ್ಗೋಡು ನೆನಪಾಯ್ತು. ಸಾಗರದ ಹತ್ರ, ಅಡಿಕೆ ತೋಟಗಳ ನಡುವಿನ ಪುಟ್ಟ ಊರು. ಅಲ್ಲಿ 1949ರಲ್ಲಿ ಊರವರೇ ಸೇರಿ ನೀನಾಸಂ ಶುರು ಮಾಡಿದ್ರು. ನಾಟಕ ಮೊದಲು ಬಂತು. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿದ್ದು 1972ರಲ್ಲಿ. ಮರುವರ್ಷ ಸಿನಿಮಾ ತೋರಿಸೋ ಚಿತ್ರಸಮಾಜ, 1980ರಲ್ಲಿ ನಾಟಕ ಶಾಲೆ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿನೂ ಬಂತು.

ನಮ್ಮತ್ತೆ ಒಮ್ಮೆ ಕೊಟ್ಟಿಗೆ ಕೆಲಸ ಮುಗಿಸಿ ಅಲ್ಲಿ ನಾಟಕಕ್ಕೆ ಹೋಗಿದ್ರು. ಕಡೇವರೆಗೂ ಹೇಳ್ತಿದ್ರು, "ಅವತ್ತು ಬಡಿಸೋಕಲ್ಲ ಕಣೆ, ಕೂತು ನೋಡೋಕೆ ಹೋಗಿದ್ದೆ."

ನಮ್ಮ ಭವನದಲ್ಲೂ ಅಂಥ ಸಂಜೆ ಬೇಕು ಅಂತ ಗ್ರಾಮಸಭೇಲಿ ಕೇಳ್ತೀನಿ. ನೀವೂ ಬನ್ನಿ.