ಜಂಬೋ ಕೋಯಿ: ಉಬ್ಬಿದ ಹೊಟ್ಟೆ ಬೆಳವಣಿಗೆಯೇ, ಕಾಯಿಲೆಯೇ?

ಜಪಾನ್‌ನ ನೀಗಾಟಾ ಪ್ರಾಂತ್ಯದಲ್ಲಿ ಸುಮಾರು 200 ವರ್ಷಗಳ ಹಿಂದೆ ಕಾರ್ಪ್ ಮೀನಿನಿಂದ ರೂಪುಗೊಂಡ ಅಲಂಕಾರಿಕ ತಳಿ ಕೋಯಿ. ಸಾಮಾನ್ಯವಾಗಿ ಇದು 60ರಿಂದ 70 ಸೆಂ.ಮೀ. ಬೆಳೆಯುತ್ತದೆ. ಅದಕ್ಕಿಂತ ಬಹಳ ದೊಡ್ಡದಾದುದನ್ನು ಹವ್ಯಾಸಿಗಳು 'ಜಂಬೋ' ಎನ್ನುತ್ತಾರೆ. 2018ರಲ್ಲಿ ಹಿರೋಶಿಮಾದಲ್ಲಿ 101 ಸೆಂ.ಮೀ. ಉದ್ದದ ಹೆಣ್ಣು ಕೋಯಿಯೊಂದು 20.3 ಕೋಟಿ ಯೆನ್‌ಗೆ ಹರಾಜಾಗಿತ್ತು.

ಗಾತ್ರ ಹೆಚ್ಚಿಸಲು ಚಳಿಗಾಲದಲ್ಲೂ ನೀರು ಬಿಸಿ ಮಾಡಿ, ಪ್ರೋಟೀನ್ ಹೆಚ್ಚಿರುವ ಆಹಾರವನ್ನು ದಿನಕ್ಕೆ ಹಲವು ಬಾರಿ ಹಾಕುವುದುಂಟು. ಇದು ಅತಿಯಾದರೆ ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಹೆಚ್ಚು ತಿಂದ ಮೀನು ಅಮೋನಿಯಾವನ್ನೂ ಹೆಚ್ಚು ಹೊರಹಾಕುತ್ತದೆ. ಫಿಲ್ಟರ್ ಸಾಲದಿದ್ದರೆ ಕಿವಿರುಗಳಿಗೆ ಹಾನಿಯಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕವೂ ಕಡಿಮೆ.

ಜಂಬೋ ಮೀನುಗಳಲ್ಲಿ ಹೆಣ್ಣುಗಳೇ ಹೆಚ್ಚು. ಮೊಟ್ಟೆ ಹೊರಬಾರದೆ ಉಳಿಯುವುದು, ಅಂಡಾಶಯದಲ್ಲಿ ಗೆಡ್ಡೆ ಬೆಳೆಯುವುದು ಹೆಣ್ಣು ಕೋಯಿಗಳಲ್ಲಿ ಕಾಣುವ ತೊಂದರೆಗಳು. ದಪ್ಪ ಮೈಯೇ ಚೆಂದ ಎಂದುಕೊಂಡವರಿಗೆ ಈ ಊತ ಒಳ್ಳೆಯ ಬೆಳವಣಿಗೆಯಂತೆ ಕಾಣಬಹುದು. ಹಾಗಾಗಿ ಕಾಯಿಲೆ ತಡವಾಗಿ ಪತ್ತೆಯಾಗುವ ಅಪಾಯವಿದೆ.

ಹೊಟ್ಟೆ ಒಂದೇ ಬದಿಗೆ ಉಬ್ಬಿದರೆ, ಮೀನು ಆಹಾರ ಬಿಟ್ಟರೆ, ವಾಲಿಕೊಂಡು ಈಜಿದರೆ ಅಥವಾ ಹುರುಪೆಗಳು ಎದ್ದು ನಿಂತರೆ ಮೀನಿನ ಚಿಕಿತ್ಸೆ ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಒಳಗಿರುವುದು ಮೊಟ್ಟೆಯೋ ಗೆಡ್ಡೆಯೋ ಎಂಬುದನ್ನು ತಿಳಿಯಲು ಅಲ್ಟ್ರಾಸೌಂಡ್ ನೆರವಾಗುತ್ತದೆ. ಕೆಲವು ಗೆಡ್ಡೆಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು.