ಹಲಗಲಿ ಅಡವಿ: ಟೆಂಟ್ ಹಾಕೂಕಿಂತ ಮೊದ್ಲು ಇಷ್ಟು ಓದ್ರಿ

(1/5)
ರೋಹಿಣಿ ಮಳಿ ನಾಕ್ ಹನಿ ಬಿದ್ರ ಸಾಕು, ನಮ್ ಕಡೆ ಗುಡ್ಡದಾಗ ಕವಳಿ ಹಣ್ಣು ಕರ್ರಗ ಆಗತಾವ. ರೀಲ್ಸ್‌ನ್ಯಾಗೂ ಅದ: ಟೆಂಟ್, ಒಲಿ, ಅಡವಿ ಹಣ್ಣು. ಮುಧೋಳ, ಬೀಳಗಿ ಕಡೆ ಕ್ಯಾಂಪಿಂಗ್ ಹೋಗೂ ಪ್ಲಾನ್ ನಿಮ್ಮ ಗ್ರೂಪಿನ್ಯಾಗೂ ನಡದಿರಬೇಕು. ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಮಗ ವೀಕೆಂಡ್ ಆಗಿರೂ ಈ ಅಡವಿ, ಒಂದು ಕಾಲಕ್ಕ ಮಂದಿಗೆ ಅಡಗಿಮನಿ ಆಗಿತ್ತು. ಆ ಕಥಿ ತಿಳ್ಕೊಂಡು ಹೋಗ್ರಿ.

(2/5)
ಎಸ್ಸೆಸ್ಸೆಲ್ಸಿ ಕನ್ನಡದಾಗ ‘ಹಲಗಲಿ ಬೇಡರು’ ಲಾವಣಿ ನೆನಪೈತಲ್ಲ? ಜಡಗ, ಬಾಲ, ರಾಮ, ಹನುಮ ಅಂತ ಹೆಸರು ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡ್ವಿ. ಆ ಹಲಗಲಿ ಇರೋದು ಇದೇ ಮುಧೋಳ ತಾಲೂಕಿನ್ಯಾಗ. ಆದ್ರ ಒಂದು ಪ್ರಶ್ನೆ ಉಳೀತದ: ಒಂದು ಬಂದೂಕು, ಒಂದು ಕತ್ತಿ ಕೊಡು ಅಂದ್ರ, ಕೊಟ್ಟು ಸುಮ್ಮನಿರಬೇಕಿಲ್ಲ? ಅದಕ್ಕ ಜೀವ ಯಾಕ ಕೊಟ್ರು?

(3/5)
ಆಗ ಮುಧೋಳ ಘೋರ್ಪಡೆ ಮನೆತನದ ಸಂಸ್ಥಾನ. ಈಗಿನಂಗ ಘಟಪ್ರಭಾ ಕಾಲುವಿ ಇಲ್ಲ, ಕಬ್ಬಿಲ್ಲ. ಬ್ಯಾಸಿಗ್ಯಾಗ ಹೊಲ ಖಾಲಿ. ಬೇಡರಿಗೆ ಬೇಟೆ ಕುಲಕಸುಬು; ಆಯುಧ ಹಿಡಿದು ಚಾಕರಿ ಮಾಡೋದೂ ಅವರ ಜೀವನಮಾರ್ಗ. ನಾವು ಬಿಕಾಂನ್ಯಾಗ ಓದೂ ಲೆಕ್ಕದಾಗ ಹೇಳಬೇಕಂದ್ರ, ಆಯುಧ ಅವರ ಆಸ್ತಿ, ದುಡಿಮಿ ಎಲ್ಲಾ ಅದರ ಮ್ಯಾಲ ನಿಂತಿತ್ತು.

1857ರ ದಂಗೆಗೆ ಹೆದರಿದ ಕಂಪನಿ ಸರ್ಕಾರ ಅದೇ ವರ್ಷ ಆಯುಧ ಕಾಯ್ದೆ ತಂತು. ಅಪ್ಪಣೆ ಇಲ್ದೆ ಆಯುಧ ಇಟ್ಕೊಳ್ಳೂ ಹಂಗಿಲ್ಲ. ಹಲಗಲಿ ಬೇಡರು ಕೊಡಾಂಗಿಲ್ಲ ಅಂದ್ರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್‌ನ್ಯಾಗ 19 ಮಂದಿಯನ್ನ ಗಲ್ಲಿಗೇರಿಸಿದ್ರು. ಸ್ವಾಭಿಮಾನದ ಹೋರಾಟ ಅಂತ ಓದ್ತೀವಿ, ಖರೇನ ಐತಿ. ಅದರ ಜೋಡಿ ಅದು ಹೊಟ್ಟಿ ಹೋರಾಟನೂ ಆಗಿತ್ತು.

(4/5)
ಈಗ ಇದೇ ಸೀಮ್ಯಾಗ ಯಡಹಳ್ಳಿ ಚಿಂಕಾರ ವನ್ಯಧಾಮ ಐತಿ. ಬೀಳಗಿ, ಮುಧೋಳ ತಾಲೂಕು ಸೇರಿ ಸುಮಾರು 96 ಚದರ ಕಿಲೋಮೀಟರ್. ಚಿಂಕಾರ ಸಣ್ಣ ಜಾತಿ ಹುಲ್ಲೆ. ನೀರು ಸಿಗದಿದ್ರೂ ಎಲಿ, ಹಣ್ಣಿನ ರಸ, ಇಬ್ಬನಿ ಮ್ಯಾಲ ಬಹಳ ದಿವಸ ತಾಳತದ. ಅಂದ್ರ ನಾವು ಚೀಲ ತುಂಬಕೊಂಡು ಬರೂ ಹಣ್ಣು ಕಡು ಬ್ಯಾಸಿಗ್ಯಾಗ ಅದಕ್ಕ ಊಟಾನೂ ಹೌದು, ನೀರೂ ಹೌದು.

1972ರ ವನ್ಯಜೀವಿ ಕಾಯ್ದೆ ಪ್ರಕಾರ ವನ್ಯಧಾಮದಾಗ ಬೇಟೆ ಇಲ್ಲ, ಅಪ್ಪಣೆ ಇಲ್ದೆ ಅಡವಿ ಉತ್ಪನ್ನ ತರೂ ಹಂಗೂ ಇಲ್ಲ. 1857ರ ಕಾಯ್ದೆ ಕಂಪನಿಯನ್ನ ಕಾಯಾಕ ಬಂದದ್ದು, ಇದು ಪ್ರಾಣಿಯನ್ನ ಕಾಯಾಕ ಬಂದದ್ದು. ಎರಡೂ ಒಂದೇ ಅಲ್ಲ. ಆದ್ರ ಎರಡೂ ಸಲ ಮೊದಲು ಕೈ ಬಿಡಬೇಕಾದವರು ಅಡವಿ ಅಂಚಿನ ಮಂದಿನ. ಅವರು ಇಷ್ಟು ಬಿಟ್ಟಾರ ಅಂದಮ್ಯಾಲ, ಮೋಜಿಗೆ ಹೋಗೂ ನಾವು ಒಂದೀಟು ಬಿಡೋದು ದೊಡ್ಡ ಮಾತೇನಲ್ಲ.

(5/5)
ಹಂಗಾರ ಏನ್ ಮಾಡೋದು?
• ವನ್ಯಧಾಮದಾಗ ಅರಣ್ಯ ಇಲಾಖೆ ಅಪ್ಪಣೆ ಇಲ್ದೆ ಟೆಂಟ್ ಬ್ಯಾಡ.
• ಒಣ ಹುಲ್ಲಿನ್ಯಾಗ ಬೆಂಕಿ ಬ್ಯಾಡವೇ ಬ್ಯಾಡ. ಗಾಳಿ ಬಂದ್ರ ಗುಡ್ಡಾನ ಹೋಗತದ.
• ಹೊಲದ ಬದುವಿನ ಹಣ್ಣಿಗೆ ಹೊಲದವರನ್ನ ಕೇಳ್ರಿ. ತಿನ್ನೋವಷ್ಟ ಹರೀರಿ, ಟೊಂಗಿ ಮುರೀಬ್ಯಾಡ್ರಿ.
• ಗುರುತಿಲ್ಲದ ಹಣ್ಣು, ಸೊಪ್ಪು ಬಾಯಿಗಿ ಹಾಕಬ್ಯಾಡ್ರಿ. ಗೂಗಲ್ ಫೋಟೊ ನಂಬಬ್ಯಾಡ್ರಿ, ಕುರಿ ಕಾಯೂ ಕಾಕಾನ್ನ ಕೇಳ್ರಿ.

ಇವತ್ತು ಮನಿಗಿ ಹೋಗಿ ಅಜ್ಜಿನ್ನ ಒಂದು ಮಾತು ಕೇಳ್ರಿ: “ಆಯಿ, ನೀವು ಸಣ್ಣವರಿದ್ದಾಗ ಬ್ಯಾಸಿಗ್ಯಾಗ ಅಡವಿಂದ ಏನೇನ್ ತರತಿದ್ರಿ?” ಆಕಿ ಹೇಳೂ ಹೆಸರೆಲ್ಲಾ ಕಮೆಂಟಿನ್ಯಾಗ ಬರೀರಿ, ಊರ ಹೆಸರು ಸಮೇತ. ಹಲಗಲಿಯವರ ಹೆಸರು ಲಾವಣಿ ಉಳಿಸ್ತು. ಈ ಹಣ್ಣು, ಸೊಪ್ಪಿನ ಹೆಸರು ನಾವು ಬರದಿಟ್ರ ಉಳೀತಾವ.

#ಹಲಗಲಿ #ಮುಧೋಳ #ಬೀಳಗಿ #ನಮ್ಮಬಾಗಲಕೋಟಿ